ಒಂಟೆಯನ್ನು ಕಟ್ಟಿ ಕಡಲಿಗೆ ಇಳಿಯೋಣ

ಪರೀಕ್ಷೆ ಮುಗಿದು ಮಕ್ಕಳು ಪುಸ್ತಕಗಳನ್ನು ಮೂಲೆಗಿಟ್ಟರೆಂದರೆ ಯಾದಗಿರಿ, ಶಹಾಪುರ, ಸುರಪುರ ಕಡೆಯ ಮನೆಗಳಲ್ಲಿ ಒಂದೇ ಮಾತು ಶುರುವಾಗುತ್ತದೆ. ಹೊರಗೆ ಬಿಸಿಲು 42 ಡಿಗ್ರಿ ದಾಟಿರುತ್ತದೆ. ಹನ್ನೊಂದು ಗಂಟೆಯ ಮೇಲೆ ರಸ್ತೆಯಲ್ಲಿ ನರಪಿಳ್ಳೆಯೂ ಕಾಣುವುದಿಲ್ಲ. ಕೂಲರಿನ ಮುಂದೆ ಮಲಗಿದ ಮಗ ಮೊಬೈಲಿನಲ್ಲಿ ಅಲೆಗಳ ದೃಶ್ಯ ತೋರಿಸಿ ಕೇಳುತ್ತಾನೆ: “ಅಬ್ಬಾ, ನಾವು ಸಮುದ್ರಕ್ಕೆ ಯಾವಾಗ ಹೋಗೋದು?”

ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಎದ್ದಿರಬಹುದು. ಹೋಗಿ ಬನ್ನಿ ಎಂದೇ ನಾನು ಹೇಳುತ್ತೇನೆ. ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯನ್ನು ನೋಡಿರೆಂದು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಕರೆ ಕೊಡುತ್ತದೆ. ಪ್ರವಾದಿ ಮುಹಮ್ಮದ್(ಸ) ಪ್ರಯಾಣದ ನಡುವೆ ಪತ್ನಿ ಹ. ಆಯಿಶಾ(ರ) ಅವರೊಂದಿಗೆ ಓಟದ ಪಂದ್ಯ ಕಟ್ಟಿದ್ದರು. ಹೆಂಡತಿ ಮಕ್ಕಳನ್ನು ವರ್ಷಕ್ಕೊಮ್ಮೆ ಹೊರಗೆ ಕರೆದೊಯ್ಯುವುದು ದುಂದುವೆಚ್ಚವಲ್ಲ, ಅದು ಅವರ ಹಕ್ಕು. ವರ್ಷವಿಡೀ ಒಲೆಯ ಮುಂದೆ ಬೇಯುವ ತಾಯಂದಿರಿಗಂತೂ ತಂಗಾಳಿ ಬೇಕೇ ಬೇಕು.

ಆದರೆ ಹೊರಡುವ ಮುನ್ನ ಈ ಲೇಖನವನ್ನು ಒಮ್ಮೆ ಓದಿ. ಏಕೆಂದರೆ ಒಂದು ಸಲ ಸಮುದ್ರಕ್ಕೆ ಹೋಗಿ, ಒಬ್ಬ ಹುಡುಗನನ್ನು ಅಲ್ಲೇ ಬಿಟ್ಟು ಬರುವಷ್ಟು ಹತ್ತಿರ ನಾನು ಹೋಗಿದ್ದೆ. ತಪ್ಪು ಸಮುದ್ರದ್ದಲ್ಲ, ನನ್ನದು.

ಶಾಂತವಾಗಿ ಕಂಡ ನೀರು

ಅದು 2018ರ ದಸರಾ ರಜೆ. ನನ್ನ ಮನೆಯವರು, ತಂಗಿ, ಭಾವ, ಅವರ ಮಕ್ಕಳು, ವಯಸ್ಸಾದ ಅಮ್ಮಿ, ಹೀಗೆ ಹದಿಮೂರು ಮಂದಿ ಒಂದು ಟೆಂಪೋದಲ್ಲಿ ಹೊರಟೆವು. ಸುರಪುರ ಬಿಟ್ಟು ತಿಂಥಣಿ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿ, ಲಿಂಗಸುಗೂರು, ಗದಗ, ಹುಬ್ಬಳ್ಳಿ ಮುಗಿಸಿ, ಯಲ್ಲಾಪುರದ ಆಚೆ ಅರಬೈಲ್ ಘಟ್ಟ ಇಳಿಯುವಾಗ ಬೆಳಕು ಹರಿಯಿತು. ದಾರಿಬದಿಯ ಮಸೀದಿಯಲ್ಲಿ ಸುಬಹ್ ನಮಾಝ್ ಮಾಡಿ, ಚಹಾ ಕುಡಿದು, ಒಂಬತ್ತರ ಸುಮಾರಿಗೆ ಉತ್ತರ ಕನ್ನಡದ ಒಂದು ತೀರಕ್ಕೆ ತಲುಪಿದೆವು.

ಆಕಾಶ ತಿಳಿಯಾಗಿತ್ತು. ಮೋಡವಿಲ್ಲ, ಗಾಳಿಯೂ ಅಷ್ಟಾಗಿ ಇರಲಿಲ್ಲ. ಮರಳಿನಲ್ಲಿ ನೆಟ್ಟ ಕಂಬದ ಮೇಲೆ ಕೆಂಪು ಬಟ್ಟೆಯೊಂದು ಹಾರುತ್ತಿತ್ತು. ಮೀನುಗಾರರು ಬಲೆಗೋ ದೋಣಿಗೋ ಇಟ್ಟ ಗುರುತು ಇರಬೇಕೆಂದು ಸುಮ್ಮನಾದೆ. ಎರಡೂ ಕಡೆ ಅಲೆಗಳು ಬಿಳಿ ನೊರೆ ಎಬ್ಬಿಸಿ ಒಡೆಯುತ್ತಿದ್ದವು. ನಡುವೆ ಹತ್ತಿಪ್ಪತ್ತು ಅಡಿ ಅಗಲದ ಒಂದು ಜಾಗದಲ್ಲಿ ಮಾತ್ರ ಅಲೆಯೇ ಇರಲಿಲ್ಲ. ನೀರು ಸ್ವಲ್ಪ ಕಪ್ಪಗೆ, ಕೆರೆಯ ಹಾಗೆ ಸುಮ್ಮನಿತ್ತು.

“ಅಲ್ಲಿ ಅಲೆ ಜೋರಿದೆ. ಇಲ್ಲಿ ಆಡ್ರಿ, ಇಲ್ಲಿ ಏನೂ ಇಲ್ಲ” ಎಂದು ಮಕ್ಕಳಿಗೆ ಬೆರಳು ಮಾಡಿ ತೋರಿಸಿದವನು ನಾನೇ.

ತಂಗಿಯ ಮಗನಿಗೆ ಆಗ ಹದಿನಾಲ್ಕು ವರ್ಷ. ಮೊಣಕಾಲುದ್ದ ನೀರಿನಲ್ಲಿದ್ದವನು ಸೊಂಟದವರೆಗೆ ಹೋದ. ನಾನು ಅಮ್ಮಿಗೆ ಕೂರಲು ಚಾಪೆ ಹಾಸಿ ತಿರುಗುವಷ್ಟರಲ್ಲಿ ಅವನ ತಲೆ ಮಾತ್ರ ಕಾಣುತ್ತಿತ್ತು. ಅವನು ಕೂಗಲಿಲ್ಲ. ಮುಳುಗುವವರು ಕೈ ಎತ್ತಿ ಕಿರುಚುತ್ತಾರೆಂದು ನಾವು ಅಂದುಕೊಂಡಿರುತ್ತೇವೆ. ಉಸಿರಿಗೇ ಪುರಸೊತ್ತಿಲ್ಲದವನು ಕೂಗುವುದು ಹೇಗೆ? ಬಾಯಿ ಒಮ್ಮೆ ನೀರಿನ ಮೇಲೆ, ಒಮ್ಮೆ ಕೆಳಗೆ. ಆಟವಾಡುತ್ತಿದ್ದಾನೆಂದೇ ಒಂದು ಕ್ಷಣ ಅನಿಸಿತು.

ಭಾವ ಅಂಗಿ ಸಮೇತ ನುಗ್ಗಿದರು. ಅವರಿಗೆ ಈಜು ಬರುವುದಿಲ್ಲ. ಬಲೆ ಬಿಡಿಸುತ್ತ ಕುಳಿತಿದ್ದ ಮೀನುಗಾರರೊಬ್ಬರು ಓಡಿಬಂದು ಭಾವನ ಅಂಗಿ ಹಿಡಿದು ಹಿಂದಕ್ಕೆ ಎಳೆದು ಕೆಡವಿದರು. ಆಮೇಲೆ ಬಾಯಿ ಮುಚ್ಚಿದ ಖಾಲಿ ಪ್ಲಾಸ್ಟಿಕ್ ಡಬ್ಬಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಜೊತೆಗಾರನ ಕೈಗೆ ಕೊಟ್ಟು ತಾವು ನೀರಿಗಿಳಿದರು. ಎಷ್ಟು ಹೊತ್ತಾಯಿತೋ ತಿಳಿಯದು. ನನ್ನ ನಾಲಿಗೆಯ ಮೇಲೆ ಕಲಿಮಾ ಬಿಟ್ಟು ಬೇರೇನೂ ಇರಲಿಲ್ಲ. ಡಬ್ಬಿಯನ್ನು ತಬ್ಬಿಕೊಂಡ ಹುಡುಗನನ್ನು ಅವರು ಪಕ್ಕಕ್ಕೆ ಬಹುದೂರ ಈಜಿ ದಡಕ್ಕೆ ತಂದರು. ಅವನು ಉಪ್ಪುನೀರು ಕಕ್ಕಿ ಅತ್ತಾಗ ನಾವೆಲ್ಲ ಅತ್ತೆವು. ಅಲ್‌ಹಮ್ದುಲಿಲ್ಲಾಹ್!

“ಕೆಂಪು ಬಾವುಟ ಕಾಣ್ಲಿಲ್ವಾ ಮಾಸ್ತರ್ರೇ? ಸಮುದ್ರ ನಿಮ್ಮೂರ ಕೆರೆ ಅಲ್ಲ” ಎಂದರು ಆ ಮೀನುಗಾರ. ನಾನು ಜೇಬಿಗೆ ಕೈ ಹಾಕಿದೆ. “ದುಡ್ಡು ಬೇಡ. ಹುಡುಗನಿಗೆ ಈಜು ಕಲ್ಸಿ” ಎಂದು ಬಲೆಯ ಹತ್ತಿರ ಹೋಗಿ ಕುಳಿತರು.

ರಾತ್ರಿ ವಾಪಸಾಗುವಾಗ ಅಮ್ಮಿ ಮೆಲ್ಲಗೆ ಕೇಳಿದರು: “ಮದ್ರಸಾದಲ್ಲಿ ಮಕ್ಕಳಿಗೆ ಒಂಟೆ ಕಟ್ಟೋ ಹದೀಸ್ ಹೇಳಿಕೊಡ್ತೀಯಲ್ಲ ಬೇಟಾ, ಇವತ್ತು ನಿನ್ನ ಒಂಟೆ ಎಲ್ಲಿ ಕಟ್ಟಿದ್ದೆ?”

ನನ್ನ ಬಳಿ ಉತ್ತರವಿರಲಿಲ್ಲ.

ತವಕ್ಕುಲ್ ಎಂದರೇನು?

ತಿರ್ಮಿದಿಯಲ್ಲಿರುವ ಆ ಹದೀಸ್ ನಿಮಗೂ ಗೊತ್ತಿದೆ. ಒಂಟೆಯನ್ನು ಕಟ್ಟಿ ಅಲ್ಲಾಹನ ಮೇಲೆ ಭರವಸೆಯಿಡಲೇ, ಕಟ್ಟದೆ ಬಿಟ್ಟು ಭರವಸೆಯಿಡಲೇ ಎಂದು ಒಬ್ಬರು ಕೇಳಿದಾಗ, ಮೊದಲು ಕಟ್ಟು, ಆಮೇಲೆ ಭರವಸೆಯಿಡು ಎಂಬುದು ಪ್ರವಾದಿ(ಸ)ರ ಮಾರ್ಗದರ್ಶನವಾಗಿತ್ತು. ಇದನ್ನು ವ್ಯಾಪಾರಕ್ಕೆ, ಪರೀಕ್ಷೆಗೆ, ಔಷಧಕ್ಕೆ ಅನ್ವಯಿಸಿ ನಾವು ಭಾಷಣ ಮಾಡುತ್ತೇವೆ. ಪ್ರವಾಸಕ್ಕೆ ಹೊರಟಾಗ ಮಾತ್ರ ಮರೆತುಬಿಡುತ್ತೇವೆ.

ನೀರಿನಲ್ಲಿ ಮುಳುಗಿ ಸತ್ತವರು ಶಹೀದರ ಸಾಲಿಗೆ ಸೇರುತ್ತಾರೆಂದು ಸಹೀಹ್ ಹದೀಸ್‌ಗಳಲ್ಲಿದೆ. ಮಗನನ್ನು ಕಳೆದುಕೊಂಡ ತಾಯಿಗೆ ಇದಕ್ಕಿಂತ ದೊಡ್ಡ ಸಮಾಧಾನ ಇನ್ನೊಂದಿಲ್ಲ. ಆದರೆ ಈ ಸಮಾಧಾನದ ಮಾತು ನಮ್ಮ ನಿರ್ಲಕ್ಷ್ಯಕ್ಕೆ ಪರವಾನಗಿ ಆಗಬಾರದು. ಇಮಾಮ್ ಬುಖಾರಿಯವರ ‘ಅಲ್ ಅದಬುಲ್ ಮುಫ್ರದ್’ ಗ್ರಂಥದಲ್ಲಿ ಇನ್ನೊಂದು ಹದೀಸ್ ಇದೆ. ಅದರ ಸಾರಾಂಶ ಇಷ್ಟು: ತಡೆಗೋಡೆಯಿಲ್ಲದ ಮಾಳಿಗೆಯ ಮೇಲೆ ಮಲಗಿ ಬಿದ್ದು ಸತ್ತವನ ಮೇಲಾಗಲಿ, ಕಡಲು ಉಕ್ಕುತ್ತಿರುವಾಗ ಅದರ ಮೇಲೆ ಪಯಣಿಸಿ ಸತ್ತವನ ಮೇಲಾಗಲಿ ರಕ್ಷಣೆಯ ಹೊಣೆ ಉಳಿಯುವುದಿಲ್ಲ. ಓದುಗರೇ, ಎರಡನ್ನೂ ಜೊತೆಗಿಟ್ಟು ನೋಡಿ. ಎಚ್ಚರಿಕೆ ವಹಿಸಿಯೂ ಅಪಘಾತಕ್ಕೆ ತುತ್ತಾಗುವುದು ಬೇರೆ. ಉಕ್ಕುವ ಕಡಲನ್ನು ಕಣ್ಣಾರೆ ಕಂಡೂ ಇಳಿಯುವುದು ಬೇರೆ. ನಮ್ಮ ಕೈಯಾರೆ ನಾವು ನಾಶಕ್ಕೆ ಬೀಳಬಾರದೆಂಬ ಕುರ್‌ಆನಿನ ಎಚ್ಚರಿಕೆಯೂ (2:195) ಇದೇ ದಿಕ್ಕಿನ ಮಾತು.

ಮಳೆ ಗಾಳಿಗೆ ಹೆದರುವುದು ಈಮಾನಿನ ಕೊರತೆ ಎಂದು ಕೆಲವು ಹುಡುಗರು ತಿಳಿದಿದ್ದಾರೆ. ದಟ್ಟ ಮೋಡ, ಬಿರುಗಾಳಿ ಕಂಡಾಗ ಪ್ರವಾದಿ(ಸ)ರ ಮುಖಚರ್ಯೆಯೇ ಬದಲಾಗುತ್ತಿತ್ತು, ಅವರು ಒಳಗೆ ಹೊರಗೆ ಓಡಾಡುತ್ತಿದ್ದರು ಎಂದು ಹ. ಆಯಿಶಾ(ರ) ತಿಳಿಸಿದ್ದಾರೆ. ಚಳಿ ಮಳೆಯ ರಾತ್ರಿಗಳಲ್ಲಿ, ನಿಮ್ಮ ನಿಮ್ಮ ನೆಲೆಗಳಲ್ಲೇ ನಮಾಝ್ ಮಾಡಿಕೊಳ್ಳಿರೆಂದು ಅದಾನಿನೊಂದಿಗೆ ಸಾರುವ ಕ್ರಮವೂ ಆಗ ಇತ್ತು. ಜಮಾಅತ್‌ಗೆ ಮಸೀದಿಗೆ ಬರುವುದಕ್ಕೇ ಹವಾಮಾನ ನೋಡಿ ರಿಯಾಯಿತಿ ಕೊಟ್ಟ ಧರ್ಮ, ಸೆಲ್ಫಿ ತೆಗೆಯಲು ಬಂಡೆಯ ತುದಿಗೆ ಹೋಗಲು ಅನುಮತಿ ಕೊಟ್ಟೀತೇ?

ಹಿರಿಯರು ತಿಳಿದಿದ್ದ ಮೌಸಮ್

ಬಯಲುಸೀಮೆಯ ನಮಗೆ ಸಮುದ್ರದ ಸಂಬಂಧವೇ ಇಲ್ಲ ಎನ್ನಬೇಡಿ. ಶಹಾಪುರ ತಾಲೂಕಿನ ಗೋಗಿಗೆ ಹೋಗಿ ನೋಡಿ. ಬಿಜಾಪುರದ ಆದಿಲ್‌ಶಾಹಿ ರಾಜ್ಯವನ್ನು ಕಟ್ಟಿದ ಯೂಸುಫ್ ಆದಿಲ್ ಶಾಹ್ ಅಲ್ಲಿ ಚಂದಾ ಹುಸೈನಿಯವರ ದರ್ಗಾದ ಆವರಣದಲ್ಲಿ ಮಲಗಿದ್ದಾನೆ. ಗೋವಾ ಬಂದರು ಅವನ ಕೈಯಲ್ಲಿತ್ತು. 1510ರಲ್ಲಿ ಅದು ಪೋರ್ಚುಗೀಸರ ಪಾಲಾಯಿತು. ದಾಭೋಲ್ ಬಂದರಿನಿಂದ ಅರಬ್ ನಾಡಿಗೆ ಹಡಗುಗಳು ಹೋಗುತ್ತಿದ್ದವು. ನಮ್ಮ ಕಡೆಯಿಂದ ಹಜ್ಜಿಗೆ ಹೊರಟವರಿಗೆ ಕಡಲೇ ದಾರಿಯಾಗಿತ್ತು.

ಆ ಕಾಲದ ನಾವಿಕರು ಮನಸ್ಸು ಬಂದಾಗ ಹಡಗು ಬಿಡುತ್ತಿರಲಿಲ್ಲ. ಮಾನ್ಸೂನ್ ಎಂಬ ಪದ ಬಂದಿರುವುದೇ ಅರಬಿಯ ‘ಮೌಸಿಮ್’ನಿಂದ. ನಾವು ಮನೆಯಲ್ಲಿ ದಿನನಿತ್ಯ ಆಡುವ ‘ಮೌಸಮ್’ ಕೂಡ ಅದೇ. ಅದರ ಅರ್ಥ ನಿಗದಿತ ಕಾಲ. ನೈಋತ್ಯದ ಗಾಳಿಯಲ್ಲಿ ಇತ್ತ ಬಂದು, ಈಶಾನ್ಯದ ಗಾಳಿಗಾಗಿ ತಿಂಗಳುಗಟ್ಟಲೆ ಕಾದು ಅತ್ತ ಮರಳುತ್ತಿದ್ದರು. ಮಳೆ ಜೋರಾದ ತಿಂಗಳುಗಳಲ್ಲಿ ಪಶ್ಚಿಮ ತೀರದ ಬಂದರುಗಳು ಮುಚ್ಚಿರುತ್ತಿದ್ದವು. 15ನೇ ಶತಮಾನದ ಪ್ರಸಿದ್ಧ ಅರಬ್ ನಾವಿಕ ಅಹ್ಮದ್ ಇಬ್ನ್ ಮಾಜಿದ್, ಯಾವ ಬಂದರಿನಿಂದ ಯಾವ ದಿನಗಳಲ್ಲಿ ಹೊರಡಬೇಕೆಂದು ಗ್ರಂಥವನ್ನೇ ಬರೆದಿಟ್ಟರು. ಅವರ ಒಂಟೆ ಕಟ್ಟುವ ಹಗ್ಗ ಅದಾಗಿತ್ತು.

1340ರ ದಶಕದಲ್ಲಿ ನಮ್ಮ ಕರಾವಳಿಗೆ ಬಂದ ಇಬ್ನ್ ಬತೂತ ಹೊನ್ನಾವರವನ್ನು ಕಂಡು ಬೆರಗಾದ. ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳು, ಗಂಡುಮಕ್ಕಳಿಗೆ 23 ಶಾಲೆಗಳು ಇದ್ದವೆಂದೂ ಅಲ್ಲಿನ ಸ್ತ್ರೀಯರು ಕುರ್‌ಆನ್ ಕಂಠಪಾಠ ಮಾಡಿದ್ದರೆಂದೂ ದಾಖಲಿಸಿದ್ದಾನೆ. ಹೆಣ್ಣುಮಕ್ಕಳ ಶಿಕ್ಷಣಕ್ಕೆ ಇಂದಿಗೂ ತಕರಾರು ತೆಗೆಯುವವರು ಇದನ್ನು ಗಮನಿಸಬೇಕು. ಅಲ್ಲಿಂದ ಕಲ್ಲಿಕೋಟೆಗೆ ಹೋದ ಅವನು, ದಿಲ್ಲಿಯ ಸುಲ್ತಾನನ ಉಡುಗೊರೆಗಳೊಂದಿಗೆ ಚೀನಾಕ್ಕೆ ಹೊರಡುವವನಿದ್ದ. ಜುಮಾ ನಮಾಝಿಗಾಗಿ ದಡದಲ್ಲೇ ಉಳಿದ. ಆ ರಾತ್ರಿ ಎದ್ದ ಬಿರುಗಾಳಿಗೆ ದೊಡ್ಡ ಹಡಗು ಒಡೆದುಹೋಯಿತು, ಅದರಲ್ಲಿದ್ದ ಜೊತೆಗಾರರು ಸತ್ತರು. ಕಾಲ ತಿಳಿದ ನಾವಿಕರ ಹಡಗಿನ ಗತಿಯೇ ಹೀಗಾದರೆ, ಕಾಲದ ಪರಿವೆಯೇ ಇಲ್ಲದ ನಮ್ಮ ಗತಿ ಏನು?

ಯಾವಾಗ ಹೋಗಬೇಕು, ಯಾವಾಗ ಬೇಡ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಒರಟಾಗಿರುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತತಿ ಬೆಳೆಯಲೆಂದು ಮಾಡಿದ ನಿಯಮವಾದರೂ ಅದರಲ್ಲಿ ನಮಗೊಂದು ಪಾಠವಿದೆ. ಕಡಲಲ್ಲೇ ಹುಟ್ಟಿ ಬೆಳೆದವರು ದೋಣಿಯನ್ನು ದಡಕ್ಕೆ ಕಟ್ಟಿರುವಾಗ, ಮೊನ್ನೆ ಮೊನ್ನೆ ಕಡಲು ಕಂಡ ನಾವು ಇಳಿಯುವುದು ಯಾವ ಧೈರ್ಯ? ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳೂ ನಿಲ್ಲುತ್ತವೆ.

ಘಟ್ಟದ ರಸ್ತೆಗಳ ವಿಷಯವೂ ಹಾಗೆಯೇ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಕುಸಿದು, ಚಹಾ ಅಂಗಡಿಯಲ್ಲಿದ್ದವರೂ ವಾಹನಗಳೂ ಗಂಗಾವಳಿ ನದಿಯ ಪಾಲಾದುದನ್ನು ಮರೆಯಬಾರದು. ಜೋರು ಮಳೆಯಲ್ಲಿ ಕಡಿದ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಬೇಡಿ.

ಮಳೆಗಾಲದ ಮುಂಚೆ ಮೇ ತಿಂಗಳಲ್ಲಿ, ಮಳೆಗಾಲದ ನಂತರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಚಂಡಮಾರುತಗಳ ಕಾಲ. ಮಕ್ಕಳ ರಜೆಯೂ ಈ ತಿಂಗಳುಗಳಲ್ಲೇ ಬರುವುದರಿಂದ ಇದನ್ನು ವಿಶೇಷವಾಗಿ ಹೇಳುತ್ತಿದ್ದೇನೆ. ಹಿಂದೆ ಚಂಡಮಾರುತ ಎಂದರೆ ಬಂಗಾಳ ಕೊಲ್ಲಿ ಎಂಬ ಮಾತಿತ್ತು. ಈಗ ಅರಬ್ಬಿ ಸಮುದ್ರದ ನೀರೂ ಬಿಸಿಯಾಗಿದೆ, ಆ ಬಿಸಿಯೇ ಬಿರುಗಾಳಿಯ ಆಹಾರ. 2019ರ ಒಂದೇ ವರ್ಷ ಅರಬ್ಬಿ ಸಮುದ್ರದಲ್ಲಿ ಐದು ಚಂಡಮಾರುತಗಳೆದ್ದವು. 2021ರ ಮೇ ತಿಂಗಳಲ್ಲಿ ಬಂದ ತೌಕ್ತೆ ನಮ್ಮ ರಾಜ್ಯದ ನೆಲಕ್ಕೆ ಅಪ್ಪಳಿಸಲಿಲ್ಲ. ಅದು ಕಡಲಲ್ಲೇ ಉತ್ತರಕ್ಕೆ ಸಾಗಿ ಗುಜರಾತ್ ಸೇರಿತು. ಆದರೂ ನಮ್ಮ ಕರಾವಳಿಯಲ್ಲಿ ಅಲೆಗಳು ರಸ್ತೆ ಮನೆಗಳನ್ನು ಕೊರೆದು ಹಾಕಿದವು.

ಬಿರುಗಾಳಿ ಕಣ್ಣಿಗೆ ಕಾಣಲೇಬೇಕೆಂದಿಲ್ಲ. 2018ರಲ್ಲಿ ನಾವು ತಿಳಿಯಾದ ಆಕಾಶದ ಕೆಳಗೆ ನಿಂತಿದ್ದ ಆ ವಾರ, ದೂರದ ಕಡಲಿನಲ್ಲಿ ‘ಲುಬಾನ್’ ಎಂಬ ಚಂಡಮಾರುತ ಯೆಮನ್ ಕಡೆಗೆ ಸಾಗುತ್ತಿತ್ತು. ಒಮಾನ್ ದೇಶ ಕೊಟ್ಟ ಹೆಸರದು. ನಮ್ಮ ಮನೆಗಳಲ್ಲಿ ಕೆಂಡದ ಮೇಲೆ ಹಾಕುವ ಲೋಬಾನವೇ ಅದರ ಅರ್ಥ! ಊರಿಗೆ ಮರಳಿದ ಮೇಲೆ ಪತ್ರಿಕೆಯಲ್ಲಿ ಓದಿ ತಿಳಿದೆ. ದೂರದಲ್ಲೆಲ್ಲೋ ಎದ್ದ ಗಾಳಿ ನೂರಾರು ಮೈಲಿ ಆಚೆಗೂ ದೊಡ್ಡ ಅಲೆಗಳನ್ನು ಕಳಿಸಬಲ್ಲದು. ಬಿಸಿಲಿರುವಾಗಲೇ ಮುನ್ಸೂಚನೆಯಿಲ್ಲದೆ ಉಕ್ಕಿ ಬರುವ ಅಂಥ ಕಡಲನ್ನು ಕೇರಳದ ಮೀನುಗಾರರು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಕಳ್ಳನಂತೆ ಬರುವ ಕಡಲು!

ಇಂದು ನಮಗೆ ಮುನ್ಸೂಚನೆಗಳ ಕೊರತೆಯಿಲ್ಲ. ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಎಂದು ಬಣ್ಣಗಳಲ್ಲಿ ಎಚ್ಚರಿಸುತ್ತದೆ. ಹಳದಿ ಎಂದರೆ ಗಮನವಿರಲಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಸುರಕ್ಷತೆಯ ಕ್ರಮ ಕೈಗೊಳ್ಳಿ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಎತ್ತರದ ಅಲೆಗಳ ಬಗ್ಗೆ ಮೊದಲೇ ತಿಳಿಸುತ್ತದೆ. ಮದುವೆಗೆ ಹೊರಡುವಾಗ ಬಸ್ಸಿನ ವೇಳೆ ವಿಚಾರಿಸುವ ನಾವು, ಕಡಲಿಗೆ ಹೊರಡುವಾಗ ಕಡಲಿನ ಸ್ಥಿತಿ ವಿಚಾರಿಸಬೇಡವೇ?

ಡಿಸೆಂಬರ್ ಮಧ್ಯದಿಂದ ಫೆಬ್ರವರಿವರೆಗೆ ಸಾಮಾನ್ಯವಾಗಿ ಕಡಲು ಶಾಂತವಾಗಿರುತ್ತದೆ. ಹಾಗೆಂದು ಮೈಮರೆಯುವಂತಿಲ್ಲ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆ ಮುಳಬಾಗಿಲು ತಾಲೂಕಿನ ವಸತಿ ಶಾಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ಕಡಲಿನ ಪಾಲಾದರು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಗೆ ಹೋದವರ ದೋಣಿ ಮಗುಚಿ 16 ಮಂದಿ ಸತ್ತರು. ಅವರಲ್ಲಿ ನಮ್ಮಂತೆಯೇ ಬಯಲು ನಾಡಿನಿಂದ ಹೋದವರೂ ಇದ್ದರು. ಒಬ್ಬ ಶಿಕ್ಷಕನಾಗಿ ಆ ನಾಲ್ವರು ಹೆಣ್ಣುಮಕ್ಕಳ ಸುದ್ದಿ ಓದಿದ ದಿನ ನನಗೆ ತರಗತಿಯಲ್ಲಿ ಮಾತೇ ಹೊರಡಲಿಲ್ಲ.

ಅಲೆಯಿಲ್ಲದ ಜಾಗವೇ ಅಪಾಯದ ಜಾಗ

ನಾನು ಬೆರಳು ಮಾಡಿ ತೋರಿಸಿದ ಆ ಶಾಂತ ನೀರು ಏನಾಗಿತ್ತು? ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಕ್ಕೆ ಹೋಗಲೇಬೇಕು. ಅದು ಮರಳಿನ ದಿಬ್ಬಗಳ ನಡುವೆ ಒಂದು ಕಿರಿದಾದ ಓಣಿ ಹುಡುಕಿಕೊಂಡು ಹೊಳೆಯ ಹಾಗೆ ಕಡಲಿಗೆ ಹರಿಯುತ್ತದೆ. ಆ ಓಣಿಯಲ್ಲಿ ಆಳ ಹೆಚ್ಚು, ಆದ್ದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ. ತಿಳಿಯದವರ ಕಣ್ಣಿಗೆ ಅದೇ ಸುರಕ್ಷಿತವಾಗಿ ಕಾಣುತ್ತದೆ! ಆ ಸೆಳೆತ ಜೋರಾಗಿದ್ದರೆ ನುರಿತ ಈಜುಗಾರನೂ ಅದಕ್ಕೆ ಎದುರಾಗಿ ಈಜಲಾರ.

ಸೆಳೆತಕ್ಕೆ ಸಿಕ್ಕವರು ದಡದತ್ತ ಈಜಲು ಹೋಗಿ ಸೋತು ಮುಳುಗುತ್ತಾರೆ. ಸೆಳೆತ ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ ಅಷ್ಟೆ. ಗಾಬರಿಯಾಗದೆ ಬೆನ್ನ ಮೇಲೆ ತೇಲುತ್ತ ಕೈ ಎತ್ತಿ ಸಹಾಯ ಕೇಳಬೇಕು. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ಅಲೆಗಳ ಜೊತೆ ದಡಕ್ಕೆ ಬರಬೇಕು. ಆ ಮೀನುಗಾರ ಮಾಡಿದ್ದೂ ಅದನ್ನೇ.

ದಡದಲ್ಲಿರುವವರು ಹಿಂದುಮುಂದು ನೋಡದೆ ಹಾರಬಾರದು. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಮೂವರು ಸತ್ತ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಎಷ್ಟು ಓದಿಲ್ಲ? ತೇಲುವ ವಸ್ತು ಎಸೆಯಿರಿ. ಮುಚ್ಚಿದ ಖಾಲಿ ಡಬ್ಬಿ, ಗಾಳಿ ತುಂಬಿದ ಟ್ಯೂಬು, ಹಗ್ಗ, ಅದೂ ಇಲ್ಲದಿದ್ದರೆ ಒಂದಕ್ಕೊಂದು ಗಂಟು ಹಾಕಿದ ದುಪಟ್ಟಾಗಳು. ಕೂಡಲೇ ಜೀವರಕ್ಷಕರನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿ.

ನೀರಿನಿಂದ ತೆಗೆದವರಿಗೆ ಉಸಿರಾಟ ನಿಂತಿದ್ದರೆ ಕಾಲು ಹಿಡಿದು ತಲೆಕೆಳಗು ಮಾಡುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಬೇಡ. ಬಾಯಿಗೆ ಬಾಯಿಟ್ಟು ಉಸಿರು ಊದಿ, ಎದೆಯ ನಡುವೆ 30 ಸಲ ಒತ್ತಿ, ಎರಡು ಸಲ ಊದುವ ಕ್ರಮವನ್ನು 108ರ ವಾಹನ ಬರುವವರೆಗೂ ನಿಲ್ಲಿಸಬಾರದು. ಇದನ್ನು ಮನೆಗೊಬ್ಬರಾದರೂ ಕಲಿತಿರಬೇಕು. ಎಚ್ಚರವಾಗಿ ಎದ್ದು ಕುಳಿತವರನ್ನೂ ಆಸ್ಪತ್ರೆಗೆ ತೋರಿಸಲೇಬೇಕು. ಶ್ವಾಸಕೋಶಕ್ಕೆ ಹೋದ ನೀರು ತಡವಾಗಿ ತೊಂದರೆ ಕೊಡಬಹುದು.

ನಮ್ಮ ತಾಯಂದಿರು, ಸಹೋದರಿಯರಿಗೆ ಒಂದು ಮಾತು. ಬುರ್ಖಾ, ಸೀರೆಗಳು ನೀರು ಕುಡಿದರೆ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತವೆ. ಮೊಣಕಾಲಿನ ಅಲೆಯೂ ಕೆಡವಿಬಿಡಬಹುದು. ಪಾದ ತೋಯುವಷ್ಟು ನೀರೇ ಸಾಕು. ಜನಜಂಗುಳಿಯ ತೀರಕ್ಕಿಂತ ಸೌಕರ್ಯವಿರುವ ತೀರವನ್ನು ಆರಿಸಿಕೊಳ್ಳಿ. ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ತೀರಗಳಿಗೆ 2020ರಲ್ಲಿ ಸ್ವಚ್ಛತೆ, ಸುರಕ್ಷತೆಗಾಗಿ ನೀಡುವ ಅಂತಾರಾಷ್ಟ್ರೀಯ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಸಿಕ್ಕಿತು. ಜೀವರಕ್ಷಕರು, ಈಜಲು ಗುರುತು ಮಾಡಿದ ಜಾಗ ಇರಬೇಕೆಂಬುದು ಆ ಮಾನ್ಯತೆಯ ನಿಯಮಗಳಲ್ಲಿ ಸೇರಿದೆ. ಇಬ್ನ್ ಬತೂತ ಕಂಡ ಊರನ್ನು ಮಕ್ಕಳಿಗೆ ತೋರಿಸಿದ ಹಾಗೂ ಆಯಿತು!

ನಮ್ಮೂರಿನ ಬೆಟ್ಟ, ನಮ್ಮೂರಿನ ಹೊಳೆ

ಎಲ್ಲರಿಗೂ ಸುಮಾರು ಐನೂರು ಕಿಲೋಮೀಟರ್ ದೂರದ ಕಡಲಿಗೆ ಹೋಗುವ ಅನುಕೂಲ ಇರುವುದಿಲ್ಲ. ಯಾದಗಿರಿ ಕೋಟೆಯ ಬೆಟ್ಟ, ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಗುಡ್ಡ, ಸುರಪುರ ಬಳಿಯ ಬೋನಾಳ ಪಕ್ಷಿಧಾಮ, ನಾರಾಯಣಪುರದ ಬಸವಸಾಗರ ಇವು ನಮ್ಮ ಅಂಗಳದಲ್ಲೇ ಇವೆ. ಅಲ್ಲೂ ಹಗ್ಗ ಬೇಕು.

ಏಪ್ರಿಲ್, ಮೇ ತಿಂಗಳ ಸಂಜೆ ನಮ್ಮ ಕಡೆ ಧೂಳು ಗಾಳಿ ಎದ್ದು ಗುಡುಗು ಸಿಡಿಲು ಬರುವುದು ನಿಮಗೆ ಗೊತ್ತೇ ಇದೆ. ಹೊಲದಲ್ಲಿದ್ದ ರೈತರು, ಮರದ ಕೆಳಗೆ ನಿಂತ ಕುರಿಗಾಹಿಗಳು ಸಿಡಿಲಿಗೆ ಬಲಿಯಾಗುತ್ತಾರೆ. ಬೆಟ್ಟ ಹತ್ತುವವರು ಬೆಳಿಗ್ಗೆ ಹತ್ತಿ ಬಿಸಿಲೇರುವ ಮುನ್ನ ಇಳಿದುಬಿಡಿ. ಮಿಂಚು ಕಂಡ ಮೇಲೆ ಎಣಿಸಿ ನೋಡಿ. ಗುಡುಗು ಕೇಳಲು ಮೂರು ಸೆಕೆಂಡಾದರೆ ಸಿಡಿಲು ಒಂದು ಕಿಲೋಮೀಟರ್ ದೂರದಲ್ಲಿದೆ ಎಂದರ್ಥ. ಗುಡುಗು ಕೇಳಿಸಿತೆಂದರೆ ಪಕ್ಕಾ ಕಟ್ಟಡವನ್ನೋ ಮುಚ್ಚಿದ ವಾಹನವನ್ನೋ ಸೇರಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಬರಬೇಡಿ. ಒಂಟಿ ಮರದ ಕೆಳಗಂತೂ ನಿಲ್ಲಲೇಬೇಡಿ. ಮೊಬೈಲಿನ ‘ದಾಮಿನಿ’ ಆ್ಯಪ್ ಸಮೀಪದ ಸಿಡಿಲಿನ ಸೂಚನೆ ಕೊಡುತ್ತದೆ. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ, ಮುಟ್ಟಿ ಆರೈಕೆ ಮಾಡಬಹುದು.

ಕೃಷ್ಣಾ ಹೊಳೆಯದು ಇನ್ನೊಂದು ಬಗೆ. ಇಲ್ಲಿ ಹನಿ ಮಳೆ ಇಲ್ಲದಿದ್ದರೂ ಮಹಾರಾಷ್ಟ್ರದ ಘಟ್ಟಗಳಲ್ಲಿ ಸುರಿದ ಮಳೆ ಆಲಮಟ್ಟಿ, ಬಸವಸಾಗರ ತುಂಬಿಸಿ ಗೇಟು ತೆರೆಸುತ್ತದೆ. ಬೆಳಿಗ್ಗೆ ದಾಟಿದ ಕಲ್ಲುಬಂಡೆ ಸಂಜೆ ನೀರಿನೊಳಗಿರುತ್ತದೆ. 2014ರ ಜುಲೈ ಕೊನೆಯಲ್ಲಿ ಸುರಪುರ ತಾಲೂಕಿನ ನಡುಗಡ್ಡೆ ನೀಲಕಂಠರಾಯನಗಡ್ಡಿಯಲ್ಲಿ ನಡೆದುದನ್ನು ನೆನಪಿಸಿಕೊಳ್ಳಿ. ತುಂಬು ಗರ್ಭಿಣಿಯೊಬ್ಬರು ಆಸ್ಪತ್ರೆ ತಲುಪಲೇಬೇಕಿತ್ತು. ಹೊಳೆ ಉಕ್ಕಿತ್ತು, ದೋಣಿ ಬಿಡುವಂತಿರಲಿಲ್ಲ. ಆ ತಾಯಿ ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯ ಗಂಡಸರನ್ನು ಜೊತೆಗಿಟ್ಟುಕೊಂಡು, ಕೃಷ್ಣೆಯನ್ನು ಈಜಿ ದಾಟಿ ಕಕ್ಕೇರಾ ಕಡೆ ಸೇರಿದರು.

ಆಕೆಯ ಧೈರ್ಯವನ್ನು ದೇಶವೇ ಕೊಂಡಾಡಿತು. ನಾನು ಆಕೆಯ ಸೋರೆಬುರುಡೆಯನ್ನೂ ಕೊಂಡಾಡುತ್ತೇನೆ. ಸಾಹಸ ಎಂದರೆ ಅದು. ದಾಟಲೇಬೇಕಾದ ಕಾರಣವಿತ್ತು, ಈಜು ಗೊತ್ತಿತ್ತು, ಜೊತೆಗೆ ಜನವಿದ್ದರು, ತೇಲುವ ಬುರುಡೆ ಮೈಗಿತ್ತು. ಇವ್ಯಾವುದೂ ಇಲ್ಲದೆ ಗೆಳೆಯರ ಚಪ್ಪಾಳೆಗಾಗಿ ಕಾಲುವೆಗೆ, ಕಲ್ಲುಗಣಿಯ ಹೊಂಡಕ್ಕೆ ಹಾರುವುದು ಸಾಹಸವಲ್ಲ.

ಹೊರಡುವ ಮುನ್ನ

● ಹಿಂದಿನ ದಿನ ಮತ್ತು ಅಂದು ಬೆಳಿಗ್ಗೆ ಹವಾಮಾನದ ಸೂಚನೆ ನೋಡಿ. ಕಿತ್ತಳೆ, ಕೆಂಪು ಸೂಚನೆಯಿದ್ದರೆ ಪ್ರವಾಸ ಮುಂದೂಡಿ. ಮುಂಗಡ ಕೊಟ್ಟ ಹಣ ಹೋದರೆ ಹೋಗಲಿ.

● ತೀರ ತಲುಪಿದೊಡನೆ ಬಾವುಟ ನೋಡಿ. ಕೆಂಪಿದ್ದರೆ ನೀರಿಗಿಳಿಯಬೇಡಿ. ಕೆಂಪು ಹಳದಿ ಬಾವುಟಗಳ ನಡುವಿನ ಜಾಗ ಜೀವರಕ್ಷಕರ ಕಣ್ಗಾವಲಿನದು. ಬಾವುಟವೇ ಇಲ್ಲದಿದ್ದರೆ ಸ್ಥಳೀಯ ಮೀನುಗಾರರನ್ನು ವಿಚಾರಿಸಿ.

● ಮಕ್ಕಳ ಮೇಲೆ ಕಣ್ಣಿಡಲು ಒಬ್ಬ ದೊಡ್ಡವರನ್ನು ಸರದಿಯಂತೆ ನೇಮಿಸಿ. ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಮೊಬೈಲ್ ಇರಬಾರದು. ಎಲ್ಲರೂ ನೋಡುತ್ತಿದ್ದಾರೆ ಎಂದರೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ.

● ದೋಣಿ ಹತ್ತುವವರೆಲ್ಲ, ಕೂಸಿನಿಂದ ಮುದುಕರವರೆಗೆ, ಲೈಫ್ ಜಾಕೆಟ್ ತೊಡಲಿ. ಕೊಡದಿದ್ದರೆ, ಅಥವಾ ಜನ ಹೆಚ್ಚಾಗಿದ್ದರೆ ಸಂಕೋಚವಿಲ್ಲದೆ ಇಳಿದುಬಿಡಿ.

● ಊಟ ಮಾಡಿದ ಕೂಡಲೇ, ಕತ್ತಲಾದ ಮೇಲೆ, ಒಬ್ಬರೇ ಇರುವಾಗ ನೀರಿಗಿಳಿಯುವುದು ಬೇಡ.

● ನಾಲ್ಕು ರಕಅತ್‌ನ ನಮಾಝ್‌ಗಳನ್ನು ಎರಡಾಗಿ ಕಸ್ರ್ ಮಾಡುವ ಸೌಲಭ್ಯ ಪ್ರಯಾಣಿಕರಿಗಿದೆ. ಕುಡಿಯುವ ನೀರು ಕಡಿಮೆಯಿದ್ದರೆ ಸಮುದ್ರದ ನೀರಿನಲ್ಲಿ ವುಝೂ ಆಗುತ್ತದೆ. ಅದರ ನೀರು ಶುದ್ಧವೆಂದು ಪ್ರವಾದಿ(ಸ) ಕಲಿಸಿದ್ದಾರೆ.

● ವಾಹನ ಹತ್ತುವಾಗ ಪ್ರಯಾಣದ ದುಆ ಮಕ್ಕಳಿಂದ ಗಟ್ಟಿಯಾಗಿ ಹೇಳಿಸಿ. ಹೇಳಿಸಿದ ಮೇಲೆ ಚಾಲಕನಿಗೆ ನಿದ್ದೆ ಆಗಿದೆಯೇ ಎಂದೂ ಕೇಳಿ.

ಬಾವಿಯಲ್ಲಿ ಕಲಿತ ಪಾಠ

ಊರಿಗೆ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ, ಆ ಮೀನುಗಾರ ಕೇಳಿದ್ದನ್ನು ಸಲ್ಲಿಸಿದ್ದು. ಮಕ್ಕಳಿಗೆ ಈಜು ಕಲಿಸಿ ಎಂಬ ಮಾತು ಹ. ಉಮರ್(ರ) ಅವರ ಹೆಸರಿನಲ್ಲಿ ಪ್ರಚಲಿತವಿದೆ. ಈಜು ಕಲಿಯುವುದು ವ್ಯರ್ಥ ಆಟವಲ್ಲ ಎಂಬ ಆಶಯದ ಹದೀಸನ್ನು ಇಮಾಮ್ ನಸಾಈ ಉಲ್ಲೇಖಿಸಿದ್ದಾರೆ. ಇದನ್ನೆಲ್ಲ ಪಾಠ ಹೇಳುತ್ತಿದ್ದ ನನಗೇ ಈಜು ಬರುತ್ತಿರಲಿಲ್ಲ!

ಪರಿಚಯದ ರೈತರೊಬ್ಬರ ಹೊಲದ ಮೆಟ್ಟಿಲು ಬಾವಿಯಲ್ಲಿ, ನುರಿತ ಈಜುಗಾರರ ಕಣ್ಣೆದುರು, ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ನಾನೂ ತಂಗಿಯ ಮಗನೂ ಜೊತೆಯಾಗಿ ಕಲಿತೆವು. ನನ್ನ ಗಡ್ಡ ನೋಡಿ ನಕ್ಕ ಹುಡುಗರು ಆಮೇಲೆ ತಾವೂ ಡಬ್ಬಿ ಹಿಡಿದು ಬಂದರು. ಹೆಣ್ಣುಮಕ್ಕಳಿಗೂ ಈ ಅವಕಾಶ ಸಿಗಬೇಕು. ಕೊಳಗಳಿರುವ ಊರುಗಳಲ್ಲಿ ಮಹಿಳೆಯರಿಗಾಗಿಯೇ ಪ್ರತ್ಯೇಕ ಸಮಯ, ಮಹಿಳಾ ತರಬೇತುದಾರರು ಬೇಕೆಂದು ಜಮಾಅತ್‌ಗಳು ಮುಂದೆ ನಿಂತು ಕೇಳಬೇಕು. ಕಡಲು ಗಂಡು ಹೆಣ್ಣೆಂದು ನೋಡುವುದಿಲ್ಲ.

ಕಡಲ ನಡುವೆ ಅಲೆಗಳು ಸುತ್ತುವರಿದಾಗ ಮನುಷ್ಯ ನಿಷ್ಕಳಂಕವಾಗಿ ಅಲ್ಲಾಹನನ್ನು ಕರೆಯುತ್ತಾನೆ, ದಡ ಸೇರಿದ ಮೇಲೆ ಮರೆತುಬಿಡುತ್ತಾನೆ ಎಂದು ಕುರ್‌ಆನಿನ ಯೂನುಸ್ ಅಧ್ಯಾಯ ಎಚ್ಚರಿಸುತ್ತದೆ. ಆ ದಿನ ದಡ ಸೇರಿದ ನಾನು ಮರೆಯಬಾರದೆಂದೇ ನನ್ನ ತಪ್ಪನ್ನು ನಿಮ್ಮ ಮುಂದೆ ಇಟ್ಟಿದ್ದೇನೆ.

ಪ್ರಿಯ ಓದುಗರೇ, ಈ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಖಂಡಿತ ಹೋಗಿ. ಕಡಲಿನ ಅಂಚಿನಲ್ಲಿ ನಿಂತು ಅದರ ಅಗಲವನ್ನು ನೋಡಿ, ಅದನ್ನು ಸೃಷ್ಟಿಸಿದವನನ್ನು ನೆನೆಯಿರಿ. ಆದರೆ ಗಾಡಿಯಲ್ಲಿ ಬಿರ್ಯಾನಿಯ ಡಬ್ಬಿಯ ಪಕ್ಕ ಒಂದು ಖಾಲಿ ಡಬ್ಬಿ, ಒಂದು ಉದ್ದನೆಯ ಹಗ್ಗ ಇಟ್ಟುಕೊಳ್ಳಿ. ಎಷ್ಟು ಮಂದಿ ಹೊರಟಿರೋ ಅಷ್ಟೂ ಮಂದಿ ಮನೆಗೆ ಮರಳುವಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.